ಎಸಳು ಎಣಿಸಬೇಡ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಹೂದಾನಿಯ ಚಿತ್ರ ನೋಡಿದೆ. ಜರ್ಬೆರಾದ ಒಂದೊಂದು ಎಸಳನ್ನೂ ಪೆನ್ಸಿಲ್‌ನಲ್ಲಿ ಬರೆದುಕೊಂಡು ಆಮೇಲೆ ಬಣ್ಣ ತುಂಬಿದ್ದೀಯ, ಅಲ್ವಾ? ಕೈ ಚೆನ್ನಾಗಿದೆ. ಆದರೆ ಜಲವರ್ಣಕ್ಕೆ ಇಷ್ಟು ಶಿಸ್ತು ಬೇಡ ಮಾರಾಯ.

ಎಮಿಲ್ ನೋಲ್ಡೆಯ ಹೂಗಳನ್ನು ಹುಡುಕಿ ನೋಡು. 1867ರಲ್ಲಿ ನೋಲ್ಡೆ ಎಂಬ ಹಳ್ಳಿಯಲ್ಲಿ ಹುಟ್ಟಿದ ಜರ್ಮನ್ ಚಿತ್ರಕಾರ. ಆ ಊರು ಈಗ ಡೆನ್ಮಾರ್ಕ್‌ನಲ್ಲಿದೆ. ಜರ್ಮನಿಯ ಸೀಬ್ಯೂಲ್‌ನಲ್ಲಿ ಮನೆ ಕಟ್ಟಿ, ತೋಟ ಮಾಡಿ, ಅಲ್ಲಿನ ಹೂಗಳನ್ನು ಬರೆದ. ನೀರು ಹೀರುವ ಜಪಾನಿ ಕಾಗದವನ್ನು ಒದ್ದೆ ಮಾಡಿ ಬಣ್ಣ ಬಿಡುತ್ತಿದ್ದ. ಕೆಂಪು ತಾನೇ ಹರಡಿ ಗಸಗಸೆ ಹೂವಾಗುತ್ತಿತ್ತು. ಎಸಳು ಎಣಿಸಲು ಬರುವುದಿಲ್ಲ, ಆದರೂ ಯಾವ ಹೂವೆಂದು ಗೊತ್ತಾಗುತ್ತದೆ.

ಮನುಷ್ಯನಾಗಿ ಮಾತ್ರ ಅವನು ನನಗೆ ಹಿಡಿಸುವುದಿಲ್ಲ. ನಾಜಿ ಪಕ್ಷ ಸೇರಿದ್ದ, ಯಹೂದಿಗಳನ್ನು ದ್ವೇಷಿಸುತ್ತಿದ್ದ. ಅದೇ ನಾಜಿಗಳು 1937ರಲ್ಲಿ ಅವನ ಸಾವಿರಕ್ಕೂ ಹೆಚ್ಚು ಕೃತಿಗಳನ್ನು ಮ್ಯೂಸಿಯಂಗಳಿಂದ ಕಿತ್ತುಕೊಂಡರು. ಅಷ್ಟಾದರೂ ಅವನ ನಿಷ್ಠೆ ಕದಲಲಿಲ್ಲ. ಆ ಸಿಟ್ಟು ಇಟ್ಟುಕೊಂಡೇ ಅವನ ಹೂ ನೋಡುತ್ತೇನೆ.

ಸರಿ, ನಿನ್ನ ಚಿತ್ರಕ್ಕೆ ಬರೋಣ. 300 ಜಿಎಸ್ಎಂ (ಚದರ ಮೀಟರ್‌ಗೆ 300 ಗ್ರಾಂ ತೂಗುವ) ದಪ್ಪ ಕಾಟನ್ ಪೇಪರ್ ತಗೋ, ತೆಳು ಹಾಳೆ ನೀರು ಬಿದ್ದರೆ ಉಬ್ಬುತ್ತದೆ. ಹೂ ಬರುವ ಜಾಗವನ್ನಷ್ಟೇ ಒದ್ದೆ ಮಾಡು. ಬಣ್ಣ ಗಾಢವಾಗಿಯೇ ಇರಲಿ, ಒಣಗಿದಾಗ ಹೇಗೂ ತಿಳಿಯಾಗುತ್ತದೆ. ಒಂದು ಹೂ ಪಕ್ಕದ ಹೂವಿಗೆ ಹರಿದರೆ ಹರಿಯಲಿ. ಅರ್ಧ ಒಣಗಿದಾಗ ಮಾತ್ರ ನೀರು ಜಾಸ್ತಿ ಇರುವ ಬ್ರಶ್ ತಾಗಿಸಬೇಡ, ಹೂಕೋಸಿನಂಥ ಅಂಚು ಏಳುತ್ತದೆ. (ಕೆಲವು ಸಲ ಅದೂ ಚಂದವೇ.) ಗಾಜಿನ ಹೊಳಪಿಗೆ ಬಿಳಿ ಬಣ್ಣ ಬಳಿಯಬೇಡ, ಅಲ್ಲಿ ಕಾಗದವನ್ನೇ ಹಾಗೇ ಬಿಡು. ಹೂದಾನಿಯ ಒಂದು ಬದಿಯನ್ನು ಒಣ ಹಾಳೆಯ ಮೇಲೆ ಸ್ಪಷ್ಟವಾಗಿ ಎಳೆ, ಇನ್ನೊಂದು ಬದಿ ನೆರಳಿನಲ್ಲಿ ಕರಗಲಿ. ಎರಡೂ ಕರಗಿದರೆ ಹೂಗಳಿಗೆ ನೆಲೆ ಇರುವುದಿಲ್ಲ.

ಕೆ.ಆರ್. ಮಾರ್ಕೆಟ್‌ಗೆ ಹೋದರೆ ಸೇವಂತಿಗೆ, ಚೆಂಡುಹೂವಿನ ರಾಶಿಗೆ ಮರುಳಾಗಬೇಡ. ಅವು ಹಾರಕ್ಕೆ ಸರಿ, ಹೂದಾನಿಗೆ ಕಡ್ಡಿ ಬೇಕಲ್ಲ! ಸುಗಂಧರಾಜ ಕಡ್ಡಿ ಸಮೇತ ಸಿಗುತ್ತದೆ. ಆದರೆ ಬಿಳಿ ಹೂ ಕಷ್ಟ, ಹೂವನ್ನು ಮುಟ್ಟದೆ ಸುತ್ತಲಿನ ಹಿನ್ನೆಲೆಯನ್ನು ಬರೆಯಬೇಕು. ಮೊದಲು ಕೆಂಪು ಗ್ಲಾಡಿಯೋಲಸ್ ತಂದುಕೋ.

ಈ ಸಲ ಪೆನ್ಸಿಲ್ ಮುಟ್ಟದೆ ಬರೆದು ಕಳಿಸು. ಕೆಟ್ಟರೂ ಕಳಿಸು.

ನಿನ್ನ ಗೆಳೆಯ