ರಿಪೇರಿ ಚೀಟಿಯಲ್ಲಿ ಇನ್ನು ಪಾಸ್‌ವರ್ಡ್ ಬರೆಸಿಕೊಳ್ಳುವುದಿಲ್ಲ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಬರುವ ತಿಂಗಳು ಒಂದನೇ ತಾರೀಖಿನಿಂದ ನಮ್ಮ ರಿಪೇರಿ ಚೀಟಿಯಲ್ಲಿ ಪಾಸ್‌ವರ್ಡ್ ಸಾಲು ಇರುವುದಿಲ್ಲ. ಇಲ್ಲಿಯವರೆಗೆ ಹೆಸರು, ಫೋನ್ ನಂಬರ್, ಅದರ ಕೆಳಗೆ ಪಾಸ್‌ವರ್ಡ್ ಬರೆದು ಚೀಟಿಯನ್ನು ಲ್ಯಾಪ್‌ಟಾಪ್ ಮೇಲೆಯೇ ಅಂಟಿಸುತ್ತಿದ್ದೆವು. ಲ್ಯಾಪ್‌ಟಾಪಿಗೆ ಪಾಸ್‌ವರ್ಡ್ ಅಂತ ಹಾಕಿದ ನಂಬರೇ ಎಷ್ಟೋ ಸಲ ಫೋನ್ ಲಾಕಿಗೂ ಇರುತ್ತದೆ, ಎಷ್ಟೋ ಜನರಿಗೆ ಎಟಿಎಮ್ ಪಿನ್ನೂ ಅದೇ. ಅಂಥದ್ದು ಬಂದವರಿಗೆಲ್ಲ ಕಾಣುವಂತೆ ಕೌಂಟರ್ ಮೇಲೆ ಇರಬಾರದು, ಅಲ್ವಾ?

ಬ್ಯಾಟರಿ, ಕೀಬೋರ್ಡ್, ಸ್ಕ್ರೀನ್, ಫ್ಯಾನ್ ಕೆಲಸಕ್ಕೆ ನಿಮ್ಮ ಪಾಸ್‌ವರ್ಡ್ ಬೇಕಾಗಿಲ್ಲ. ನಮ್ಮ ಪೆನ್‌ಡ್ರೈವ್‌ನಿಂದ ಆನ್ ಮಾಡಿ ನೋಡುತ್ತೇವೆ. ವಿಂಡೋಸ್ ಒಳಗಿನ ಕೆಲಸವಿದ್ದರೆ ನೀವೇ ಪಾಸ್‌ವರ್ಡ್ ಹಾಕಿ, ನಿಮ್ಮೆದುರಿಗೇ ನಮಗೊಂದು ಬೇರೆ ಅಕೌಂಟ್ ಮಾಡಿಕೊಳ್ಳುತ್ತೇವೆ. ವಾಪಸ್ ಒಯ್ಯುವಾಗ ಅದನ್ನು ಅಳಿಸಿಕೊಡುತ್ತೇವೆ. ಬ್ರೌಸರ್‌ನಲ್ಲಿ ನೀವು ಸೇವ್ ಮಾಡಿಟ್ಟ ಪಾಸ್‌ವರ್ಡ್‌ಗಳು ಆ ಅಕೌಂಟಿನಲ್ಲಿ ಬರುವುದಿಲ್ಲ.

ಮದರ್‌ಬೋರ್ಡ್ (ಒಳಗಿನ ಮುಖ್ಯ ಬೋರ್ಡ್) ಕೆಲಸಕ್ಕೆ ತರುವವರು ಮಾತ್ರ ಮನೆಯಲ್ಲೇ ಒಂದು ವಿಷಯ ನೋಡಿಕೊಂಡು ಬನ್ನಿ. ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನಿಮ್ಮ ಫೈಲ್‌ಗಳಿರುವ ಡಿಸ್ಕ್ ತಾನಾಗಿಯೇ ಲಾಕ್ ಆಗಿರುವುದುಂಟು. ಬೋರ್ಡ್ ಬದಲಾದರೆ ಅದು ಆ ಲಾಕ್ ತೆಗೆಯುವ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸಿಗುತ್ತದೆ. ಸಿಗದಿದ್ದರೆ ಮಕ್ಕಳ ಫೋಟೋ, ಅಂಗಡಿಯ ಲೆಕ್ಕ ಯಾವುದೂ ನಮ್ಮ ಕೈಗೂ ಬರುವುದಿಲ್ಲ. ಕೀ ಎಲ್ಲಿದೆ ಎಂದು ಗೊತ್ತಾಗುವವರೆಗೆ ನಾವು ಬೋರ್ಡ್ ಬಿಚ್ಚುವುದಿಲ್ಲ, ಬೇಜಾರಾಗಬೇಡಿ.

ಇನ್ನೊಂದು ಬದಲಾವಣೆ. "ಮುಚ್ಚಿ ತೆಗೆದಾಗೆಲ್ಲ ಪಾಸ್‌ವರ್ಡ್ ಕೇಳತೈತ್ರೀ, ಅದನ್ನ ತೆಗದು ಕೊಡ್ರಿ" ಎನ್ನುವವರು ಜಾಸ್ತಿ. ಇನ್ನು ಹಾಗೆ ತೆಗೆದು ಕೊಡುವುದಿಲ್ಲ. ಲ್ಯಾಪ್‌ಟಾಪ್ ಕಳೆದುಹೋದರೆ, ಅದನ್ನು ತೆರೆದವನಿಗೆ ನಿಮ್ಮ ಮೇಲ್ ಸಮೇತ ಎಲ್ಲ ಸಿಕ್ಕಂತೆ. ಬೆರಳಿಟ್ಟರೆ ತೆರೆಯುವ (ಫಿಂಗರ್‌ಪ್ರಿಂಟ್) ಸೌಲಭ್ಯವಿರುವ ಮಾಡೆಲ್ ಆದರೆ ಅದನ್ನು ಹಾಕಿಕೊಡುತ್ತೇವೆ, ಟೈಪ್ ಮಾಡುವ ತಾಪತ್ರಯ ಇರಲ್ಲ.

ಮುಚ್ಚಿದಾಗ ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋಗುವ ಬದಲು ಹೈಬರ್ನೇಟ್ ಆಗುವಂತೆ ಇಟ್ಟು ಕೊಡುತ್ತೇವೆ. ಸ್ಲೀಪ್‌ನಲ್ಲಿ ನಿಮ್ಮ ಕೆಲಸವೆಲ್ಲ ಕರೆಂಟ್ ಇರುವವರೆಗೆ ಮಾತ್ರ ನೆನಪಿಡುವ ರ‍್ಯಾಮ್‌ನಲ್ಲಿ ಇರುತ್ತದೆ, ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಹೊಸ ಮಾಡೆಲ್‌ಗಳಂತೂ ಬ್ಯಾಗಿನಲ್ಲಿದ್ದಾಗಲೇ ಎಚ್ಚರವಾಗಿ ಬಿಸಿಯಾಗುವುದುಂಟು. ಇಂಡಿ, ಸಿಂದಗಿ ಕಡೆಯಿಂದ ಏಪ್ರಿಲ್-ಮೇ ಬಿಸಿಲಲ್ಲಿ ಬಸ್ಸಿನಲ್ಲಿ ತರುವವರ ಬ್ಯಾಗ್ ತೆಗೆದರೆ ಲ್ಯಾಪ್‌ಟಾಪಿನ ತಳ ಕೈಯಿಡಲಾರದಷ್ಟು ಕಾದಿರುತ್ತದೆ. ಬ್ಯಾಟರಿ ಉಬ್ಬುವುದಕ್ಕೆ ಶಾಖ ದೊಡ್ಡ ಕಾರಣ. ಹೈಬರ್ನೇಟ್‌ನಲ್ಲಿ ಕೆಲಸ ಡಿಸ್ಕಿಗೆ ಬರೆದುಕೊಂಡು ಲ್ಯಾಪ್‌ಟಾಪ್ ಪೂರ್ತಿ ಆಫ್ ಆಗುತ್ತದೆ. ತೆರೆದಾಗ ನಾಲ್ಕಾರು ಸೆಕೆಂಡ್ ಜಾಸ್ತಿ ಕಾಯಬೇಕು, ಅಷ್ಟೇ.

ಚಾರ್ಜ್ 80 ಪರ್ಸೆಂಟಿಗೆ ನಿಲ್ಲಿಸುವ ಸೌಲಭ್ಯವನ್ನು ಕೇಳಿದವರಿಗೆ ಮಾತ್ರ ಹಾಕುತ್ತೇವೆ. ದಿನವಿಡೀ ಚಾರ್ಜರ್ ಹಚ್ಚಿಯೇ ಕೆಲಸ ಮಾಡುವವರಿಗೆ ಅದು ಒಳ್ಳೆಯದು, ಬ್ಯಾಟರಿ ಬಾಳಿಕೆ ಬರುತ್ತದೆ. ಕರೆಂಟ್ ಪದೇ ಪದೇ ಹೋಗುವ ಹಳ್ಳಿಯಲ್ಲಿರುವವರು ನೂರಕ್ಕೇ ಬಿಟ್ಟುಕೊಳ್ಳಿ.

ಸದ್ಯ ಅಂಗಡಿಯಲ್ಲಿರುವ ಲ್ಯಾಪ್‌ಟಾಪ್‌ಗಳ ಹಳೇ ಚೀಟಿಯನ್ನು ನಿಮ್ಮ ಕೈಗೇ ಕೊಡುತ್ತೇವೆ. ಅದರಲ್ಲಿ ಬರೆದ ಪಾಸ್‌ವರ್ಡನ್ನು ಮನೆಗೆ ಹೋದ ಕೂಡಲೇ ಬದಲಾಯಿಸಿ. ಒಯ್ಯಲು ಬೇರೆಯವರನ್ನು ಕಳಿಸುವುದಿದ್ದರೆ ಮೊದಲು ನೀವೇ ಒಂದು ಫೋನ್ ಮಾಡಿ.

ಇಂತಿ,
ನಿಮ್ಮ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯವರು
ವಿಜಯಪುರ