ಮೊಟ್ಟೆಯ ಖರ್ಚು ಶಿಕ್ಷಕರ ಜೇಬಿನಿಂದೇಕೆ?

ಮಾನ್ಯರೇ,

ಶಾಲಾ ಬಿಸಿಯೂಟದ ಜೊತೆ ಮೊಟ್ಟೆ ಕೊಡುವ ಯೋಜನೆ 2021ರ ಡಿಸೆಂಬರ್‌ನಲ್ಲಿ ಕೆಲವೇ ಜಿಲ್ಲೆಗಳಲ್ಲಿ ಆರಂಭವಾದಾಗ ಅವುಗಳಲ್ಲಿ ನಮ್ಮ ವಿಜಯಪುರವೂ ಒಂದಾಗಿತ್ತು. ಬೇಡವೆನ್ನುವ ಮಕ್ಕಳಿಗೆ ಬಾಳೆಹಣ್ಣಿನ ಆಯ್ಕೆ ಇದ್ದರೂ ಕೆಲವು ಮಠಾಧೀಶರು ವಿರೋಧಿಸಿದರು. ರಾಜ್ಯದಲ್ಲಿ ಐದು ವರ್ಷದೊಳಗಿನ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲವೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತಿರುವಾಗ, ಹಸಿದವರ ತಟ್ಟೆಯ ಕುರಿತು ಹೊಟ್ಟೆ ತುಂಬಿದವರು ನಡೆಸಿದ ಆ ಚರ್ಚೆ ನನಗಂತೂ ಅತಿಯೆನಿಸಿತ್ತು.

ಇಂಡಿ ತಾಲ್ಲೂಕಿನ ನಮ್ಮೂರ ಶಾಲೆಯಲ್ಲಿ ಒಬ್ಬ ಹುಡುಗಿ ಮೊಟ್ಟೆಯನ್ನು ತಿನ್ನದೆ ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದನ್ನು ಕಂಡೆ. ಅಪ್ಪ ಅವ್ವ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದಾರೆ. ಮನೆಯಲ್ಲಿ ಅಜ್ಜಿಯ ಜೊತೆ ಇನ್ನೂ ಶಾಲೆಗೆ ಬಾರದ ತಮ್ಮನಿದ್ದಾನೆ.

ಬೇಯಿಸುವ, ಸುಲಿಯುವ ಖರ್ಚೂ ಸೇರಿ ಒಂದು ಮೊಟ್ಟೆಗೆ ಸರ್ಕಾರ ಕೊಡುವುದು 6 ರೂಪಾಯಿ. ಕಳೆದ ಚಳಿಗಾಲದಲ್ಲಿ ನಮ್ಮೂರ ಅಂಗಡಿಯಲ್ಲೇ ಅದು 7 ರೂಪಾಯಿ ದಾಟಿದಾಗ ಮುಖ್ಯೋಪಾಧ್ಯಾಯರು ಕೈಯಿಂದ ಹಣ ಹಾಕಿದರು, ಪಾಪ. ವಾರದ ಆರೂ ದಿನ ಮೊಟ್ಟೆ ಸಿಗುವಂತಾದದ್ದು 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮೂರು ವರ್ಷಗಳ ಒಪ್ಪಂದದಡಿ ನೀಡಿದ ನೆರವಿನಿಂದ. ಒಪ್ಪಂದ ಮುಗಿದ ಮೇಲಿನ ಹಣವನ್ನು ಸರ್ಕಾರ ಈಗಲೇ ಬಜೆಟ್‌ನಲ್ಲಿ ತೋರಿಸಬೇಕು. ದರವನ್ನು ಪ್ರತಿ ತಿಂಗಳು ಜಿಲ್ಲೆಯ ಮಾರುಕಟ್ಟೆ ಬೆಲೆಗೆ ಅನುಗುಣವಾಗಿ ಪರಿಷ್ಕರಿಸುವ ಅಧಿಕಾರವನ್ನು ಜಿಲ್ಲಾ ಪಂಚಾಯಿತಿಗೆ ಕೊಡಬೇಕು.

– ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸದಸ್ಯ, ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ