ಯಾರೂ ಕಾಯದ ಕಥೆ ಬರೆಸಿದವರಿಗೆ

ಈ ವಾರ ಒಂದು ಸಣ್ಣ ಕಥೆ ಬರೆದು ಮುಗಿಸಿದೆ. ಯಾವ ಪತ್ರಿಕೆಯೂ ಕೇಳಿರಲಿಲ್ಲ. ಗಡುವು, ಪದಮಿತಿ, ಸಂಭಾವನೆ ಯಾವುದೂ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ಕೈಯಲ್ಲೇ ಬರೆದದ್ದು, ಅಲ್ಲೇ ಇದೆ. ಇನ್ನೊಂದು ಕಥೆ ನನ್ನಿಂದ ಆಗುತ್ತದೆ ಅಂತ ನಾನೇ ನಂಬದೆ ಇದ್ದ ಕಾಲ ಒಂದಿತ್ತು. ಅದನ್ನು ದಾಟಿಸಿದವರಿಗೆ ಎದುರಿಗೆ ನಿಂತು ಥ್ಯಾಂಕ್ಸ್ ಹೇಳಲು ಹೋದರೆ ಗಂಟಲು ಕಟ್ಟುತ್ತದೆ. ಹಾಗಾಗಿ ಎಲ್ಲರ ಮುಂದೆ ಬರೆದು ಹೇಳುತ್ತಿದ್ದೇನೆ.

ನಾನು ವರ್ಷಗಟ್ಟಲೆ ಬರೆದೇ ದುಡಿದವಳು. ಹಗಲು ಕಚೇರಿಗಾಗಿ ಬರೆಯುವುದು, ರಾತ್ರಿ ಅಂಕಣ, ರಜೆ ಬಂದರೆ ವಿಶೇಷಾಂಕಕ್ಕೆ ಕಥೆ. ಇಷ್ಟಪಟ್ಟು ಮಾಡುವ ಕೆಲಸ ಅಲ್ವಾ, ಸುಸ್ತು ಬೇಗ ಗೊತ್ತಾಗುವುದಿಲ್ಲ. ಮೊದಲು ಕೈಬಿಟ್ಟು ಹೋದದ್ದು ಓದು. ಪುಟ ತಿರುಗಿಸಿದರೆ ಹಿಂದಿನ ಪುಟದಲ್ಲಿ ಏನಿತ್ತೆಂದು ನೆನಪಿರುತ್ತಿರಲಿಲ್ಲ. ಆಮೇಲೆ ಬೇರೆಯವರು ಚೆನ್ನಾಗಿ ಬರೆದದ್ದನ್ನು ಕಂಡಾಗ ಬರುತ್ತಿದ್ದ ಖುಷಿ ಹೋಯಿತು. 'ಇದರಿಂದೆಲ್ಲ ಏನು ಬಂತು' ಅನ್ನಿಸುತ್ತಿತ್ತು. ಕೊನೆಗೆ ಬರಹವೂ ನಿಂತಿತು. ಕಂಪ್ಯೂಟರ್ ಮುಂದೆ ಕೂತು 'ಅವಳು ಬಂದಳು' ಅಂತ ಬರೆಯುವುದು. ಅಳಿಸಿ 'ಬಂದಿದ್ದಳು' ಮಾಡುವುದು. ಅದನ್ನೂ ಅಳಿಸಿ ಮತ್ತೆ 'ಬಂದಳು'. ಇದರಲ್ಲೇ ಒಂದಿಡೀ ಸಂಜೆ ಕಳೆದದ್ದುಂಟು. ಅವಳು ಬಂದು ಏನು ಮಾಡಿದಳು ಅನ್ನುವುದು ನನಗೆ ಕೊನೆವರೆಗೂ ಹೊಳೆಯಲಿಲ್ಲ.

ಮೊದಲ ಥ್ಯಾಂಕ್ಸ್ ನನ್ನ ಆಪ್ತಸಮಾಲೋಚಕಿಗೆ. ನಾನು ಅವರ ಹತ್ತಿರ ಹೋದಾಗ 'ನನ್ನಲ್ಲಿದ್ದದ್ದು ಖಾಲಿಯಾಗಿದೆ, ಪ್ರತಿಭೆ ಮುಗಿದಿದೆ' ಅಂತಲೇ ಹೇಳಿದ್ದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಬರ್ನ್‌ಔಟ್, ಅಂದರೆ ದುಡಿದು ದುಡಿದು ಒಳಗೇ ಬತ್ತಿಹೋಗುವುದರ ಬಗ್ಗೆ ನಿಧಾನವಾಗಿ ಬಿಡಿಸಿ ಹೇಳಿದರು. 1974ರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನೋವಿಜ್ಞಾನಿ ಇದರ ಬಗ್ಗೆ ಬರೆದರಂತೆ. ಉಚಿತ ಚಿಕಿತ್ಸಾಲಯದಲ್ಲಿ ಮನಸ್ಸಿಟ್ಟು ದುಡಿಯುತ್ತಿದ್ದವರನ್ನು ನೋಡಿ ಬರೆದದ್ದು. ಫ್ರಾಯ್ಡೆನ್‌ಬರ್ಗರ್ ಕೂಡ ಅಲ್ಲಿ ದುಡಿದು ಬಳಲಿದವರೇ. ಆಮೇಲೆ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಅವರ ಜೊತೆಗಾರರು ಇದನ್ನು ಅಳೆಯುವ ದಾರಿ ಹುಡುಕಿದರು. ಮೂರು ಗುರುತು: ಎಷ್ಟು ಮಲಗಿದರೂ ಹೋಗದ ಸುಸ್ತು, ಮಾಡುವ ಕೆಲಸದ ಬಗ್ಗೆಯೇ ಹುಟ್ಟುವ ಬೇಸರ ಮತ್ತು ಕಹಿ, 'ನನ್ನ ಕೈಲಿ ಏನೂ ಆಗಲ್ಲ' ಅನ್ನುವ ಭಾವನೆ. ಮೂರೂ ನನ್ನಲ್ಲಿದ್ದವು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ರೋಗಗಳನ್ನು ವರ್ಗೀಕರಿಸುವ ತನ್ನ ಹೊಸ ಪಟ್ಟಿಯಲ್ಲಿ ವಿವರಿಸಿದೆ. ಕಾಯಿಲೆ ಅಂತ ಕರೆದಿಲ್ಲ. ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸಲು ಆಗದೆ ಅದು ಬಹಳ ಕಾಲ ಉಳಿದಾಗ ಆಗುವ ಸ್ಥಿತಿ ಅಂತ ಹೇಳಿದೆ. ಈ ಒಂದು ಮಾತಿನಿಂದ ನನಗೆ ಎಷ್ಟು ಹಗುರವಾಯಿತೆಂದು ಹೇಗೆ ಹೇಳಲಿ. ಪ್ರತಿಭೆ ಎಲ್ಲಿಗೂ ಓಡಿಹೋಗಿರಲಿಲ್ಲ. ಕೆಲಸ ಜಾಸ್ತಿಯಾಗಿತ್ತು, ಬಹಳ ಕಾಲ ಜಾಸ್ತಿಯಾಗಿತ್ತು. ಬೇರೆಯವರು ಕಚೇರಿಯಿಂದ ಮನೆಗೆ ಬಂದು ತಮ್ಮಿಷ್ಟದ ಹವ್ಯಾಸದಲ್ಲಿ ದಣಿವಾರಿಸಿಕೊಳ್ಳುತ್ತಾರೆ. ನನ್ನ ಹವ್ಯಾಸವೇ ಕಚೇರಿಯಾಗಿತ್ತು. ಓಡಿಹೋಗಲು ಇನ್ನೊಂದು ಜಾಗ ಇರಲಿಲ್ಲ. ಖಿನ್ನತೆಯೂ ಇದೆಯಾ ಅಂತ ವೈದ್ಯರಿಗೆ ತೋರಿಸಲು ಹೇಳಿ ಕಳಿಸಿದವರೂ ಈ ಸಮಾಲೋಚಕಿಯೇ. ಎರಡೂ ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ, ಗೊತ್ತಿದ್ದವರು ನೋಡಿಯೇ ಹೇಳಬೇಕು. ಈ ಬರಹ ಓದುತ್ತಿರುವವರಲ್ಲಿ ಯಾರಿಗಾದರೂ ನಿದ್ದೆ, ಹಸಿವು ಕೆಟ್ಟಿದ್ದರೆ, ಬೆಳಗಾದರೆ ಏಳಲು ಮನಸ್ಸೇ ಬರದಿದ್ದರೆ ದಯವಿಟ್ಟು ಹೋಗಿ ತೋರಿಸಿ.

ಅಂಕಣದ ಸಂಪಾದಕರಿಗೆ ನಾನು ಬರೆದ ಮೇಲ್ ಉದ್ದ ಇತ್ತು. ಕಾರಣಗಳು, ಕ್ಷಮೆ, ಮತ್ತೆ ಕಾರಣಗಳು. ಅವರ ಉತ್ತರ ಎರಡೇ ಸಾಲು. "ನಿಲ್ಲಿಸಿ ಮೇಡಂ. ಈ ವಾರದ್ದನ್ನೂ ಕಳಿಸಬೇಡಿ, ನಾನು ನೋಡಿಕೊಳ್ಳುತ್ತೇನೆ." ಆ ಪುಟ ತುಂಬಿಸಲು ಅವರು ಆ ವಾರ ಎಷ್ಟು ಪರದಾಡಿರಬೇಕು ಅನ್ನುವುದು ಆ ಕೆಲಸ ಬಲ್ಲ ನನಗೆ ಚೆನ್ನಾಗಿ ಗೊತ್ತು. ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಸರ್, ಆ ಎರಡು ಸಾಲು ಇನ್ನೂ ಇಟ್ಟುಕೊಂಡಿದ್ದೇನೆ.

ಇನ್ನು ನನ್ನ ಗೆಳತಿ. ಇವಳ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು.

ಆ ದಿನಗಳಲ್ಲಿ ಸಿಕ್ಕವರೆಲ್ಲ ಪ್ರೀತಿಯಿಂದಲೇ ಕೇಳುತ್ತಿದ್ದರು, "ಈಗ ಏನು ಬರೀತಿದ್ದೀರಿ?" ಕೆಲವರು ಉಪಾಯ ಹೇಳುತ್ತಿದ್ದರು. ಬೆಳಿಗ್ಗೆ ಬೇಗ ಎದ್ದು ಬರೀರಿ, ದಿನಕ್ಕೆ ಇಷ್ಟು ಪದ ಅಂತ ಇಟ್ಟುಕೊಳ್ಳಿ. ಅವರ ಮೇಲೆ ನನಗೆ ಬೇಸರವಿಲ್ಲ. ಆದರೆ ಪ್ರತಿ ಸಲ ಆ ಪ್ರಶ್ನೆ ಬಂದಾಗ ಎದೆ ಬಿಗಿಯುತ್ತಿತ್ತು. ಇವಳು ಮಾತ್ರ ಒಂದು ಸಲವೂ ಕೇಳಲಿಲ್ಲ. ಭಾನುವಾರ ಬರುತ್ತಿದ್ದಳು, ತನ್ನ ಕಸೂತಿಯ ಚೀಲ ತರುತ್ತಿದ್ದಳು, ಕಿಟಕಿಯ ಹತ್ತಿರ ಕೂತು ಹೊಲಿಯುತ್ತಿದ್ದಳು. ನಾನು ಸುಮ್ನೆ ಇದ್ದರೆ ಅವಳೂ ಸುಮ್ನೆ. ನಾನು ಅತ್ತ ದಿನ ದಾರ ಕತ್ತರಿಸಿ, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಪಕ್ಕಕ್ಕೆ ಬಂದು ಕೂತಳು. "ನೀನು ಬರೆಯೋದಕ್ಕೆ ಮುಂಚೆಯೂ ನನಗೆ ಗೊತ್ತಿದ್ದೆ ಕಣೇ" ಅಂದಳು. ಅಷ್ಟೇ. ಬರೆಯದೆ ಇದ್ದರೂ ನಾನು ಯಾರಿಗೋ ಬೇಕಾದವಳು ಅನ್ನುವುದು ಅವತ್ತು ಮನಸ್ಸಿಗೆ ಇಳಿಯಿತು. ಬರಹ ವಾಪಸ್ಸು ಬಂದದ್ದು ಬಹಳ ಆಮೇಲೆ. ಆದರೆ ಅದಕ್ಕೆ ಜಾಗ ಮಾಡಿಕೊಟ್ಟದ್ದು ಆ ಮಾತು.

ವಾಪಸ್ಸು ಬಂದದ್ದು ನಮ್ಮ ಮಾವನವರಿಂದ. ಅವರಿಗೆ ಹಳೆಯ ಸ್ನೇಹಿತರೊಬ್ಬರಿಗೆ ಕಾಗದ ಬರೆಯುವ ಅಭ್ಯಾಸ. ಫೋನಿನಲ್ಲಿ ಮಾತಾಡಿದರೂ ಕಾಗದ ಬರೆಯಲೇಬೇಕು. ಈಚೆಗೆ ಕೈ ನಡುಗಿ ಅಕ್ಷರ ಕೂಡುತ್ತಿರಲಿಲ್ಲ. ಒಂದು ದಿನ ಕರೆದರು. "ಏನಮ್ಮಾ, ನಾನು ಹೇಳ್ತಾ ಹೋಗ್ತೀನಿ, ಬರ್ಕೊಂಡು ಹೋಗ್ತೀಯಾ?" ನಾನು ಹಿಂದೆಮುಂದೆ ನೋಡಿದೆ. ಅವರಿಗೆ ಅರ್ಥವಾಯಿತೆಂದು ಕಾಣುತ್ತದೆ. "ನಿನ್ನ ಸಾಹಿತ್ಯ ಏನೂ ಬೇಡಮ್ಮಾ, ನಾನು ಹೇಳಿದ್ದು ಮಾತ್ರ" ಅಂದರು. 'ಇತ್ತ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ' ಎಂದು ಶುರುವಾಯಿತು. ನಾನೇನಾದರೂ ವಾಕ್ಯ ನೇರ ಮಾಡಲು ಹೋದರೆ "ಊಹ್ಞೂಂ, ನಾನು ಹಾಗೆ ಹೇಳಲಿಲ್ಲ" ಅಂತ ತಿದ್ದಿಸುತ್ತಿದ್ದರು. ಮಾತು ಅವರದ್ದು, ಕೈ ಮಾತ್ರ ನನ್ನದು. ಒಳ್ಳೆಯ ವಾಕ್ಯ ಬರೆಯಬೇಕಾದ ಹೊಣೆ ನನ್ನ ಮೇಲಿರಲಿಲ್ಲ. ಪೆನ್ನು ಹಾಳೆಯ ಮೇಲೆ ಓಡುವ ಸುಖ ಎಷ್ಟೋ ಕಾಲದ ಮೇಲೆ ಸಿಕ್ಕಿತು.

ಹೀಗೇ ಕೆಲವು ಕಾಗದಗಳಾದವು. ಒಂದರಲ್ಲಿ "ಅವತ್ತು ಸೈಕಲ್ ಚೈನು ಕಳಚಿ ಇಬ್ಬರೂ ತಳ್ಳಿಕೊಂಡು ಬಂದೆವಲ್ಲ" ಅಂತ ಹೇಳಿ ಮಾವನವರು ಬೇರೆ ವಿಷಯಕ್ಕೆ ಹೋದರು. ನಾನು ಪೆನ್ನು ನಿಲ್ಲಿಸಿ ಕೇಳಿದೆ. "ಮಾವ, ದಾರಿಯುದ್ದಕ್ಕೂ ಏನು ಮಾತಾಡಿದಿರಿ?"

"ಮಾತೆಲ್ಲಿಂದ ಬರಬೇಕು? ಜಗಳ ಆಡ್ಕೊಂಡಿದ್ದೆವು."

"ಯಾಕೆ?"

"ಅದು ಮರೆತೇ ಹೋಗಿದೆ ಕಣಮ್ಮಾ."

ಆ ರಾತ್ರಿ ನಿದ್ದೆ ಬರಲಿಲ್ಲ. ಈ ಸಲ ಚಿಂತೆಯಿಂದಲ್ಲ. ಮಾತು ಬಿಟ್ಟ ಇಬ್ಬರು ಹುಡುಗರು ಒಂದೇ ಸೈಕಲ್ಲನ್ನು ಹೇಗೆ ತಳ್ಳುತ್ತಾರೆ? ಹ್ಯಾಂಡಲ್ ಯಾರ ಕೈಲಿ? ಎಣ್ಣೆಯ ಮಸಿ ಯಾರ ಅಂಗಿಗೆ? ಎದ್ದು ಹೋಗಿ ಮಾವನವರ ಕಾಗದದ ಪ್ಯಾಡಿನಲ್ಲೇ ಹಿಂದಿನ ಹಾಳೆಯಲ್ಲಿ ಬರೆಯತೊಡಗಿದೆ. 'ಬಂದರು' ಸರಿಯೋ 'ಬಂದಿದ್ದರು' ಸರಿಯೋ ಅನ್ನುವ ಯೋಚನೆ ಬರಲೇ ಇಲ್ಲ. ಅದೇ ಬೆಳೆದು ಈಗ ಮುಗಿದಿರುವ ಕಥೆ. ಜಗಳದ ನಿಜವಾದ ಕಾರಣ ಆ ಸ್ನೇಹಿತರ ಉತ್ತರದಲ್ಲಿ ಬಂತು. ನಾನು ಊಹಿಸಿದ್ದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅದು ಅವರಿಬ್ಬರ ವಿಷಯ, ಇಲ್ಲಿ ಬರೆಯುವುದಿಲ್ಲ. ಮಾವ, ನಿಮ್ಮ ಕಾಗದಗಳಿಗೆ ನಾನು ಯಾವತ್ತೂ ಋಣಿ.

ಮನೆಯವರಿಗೂ ಹೇಳಬೇಕು. ಬರುವ ಹಣ ಕಡಿಮೆಯಾದಾಗ ಒಂದು ಮಾತೂ ಆಡದೆ ಸರಿತೂಗಿಸಿದರು.

ಅಂಕಣ ನಿಂತ ಮೇಲೂ ಬರೆದ ಓದುಗರ ಬಗ್ಗೆ ಹೇಳುವ ಮುಂಚೆ ಒಂದು ಪ್ರಯೋಗದ ವಿಷಯ ಹೇಳಿಬಿಡುತ್ತೇನೆ. ಇದನ್ನೂ ಸಮಾಲೋಚಕಿಯೇ ಹೇಳಿದ್ದು. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಇದನ್ನು ಪ್ರಕಟಿಸಿದರು. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬಿಡಿಸುವುದು ಅಂದರೆ ಇಷ್ಟಪಡುವ ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಕೆಲವು ಮಕ್ಕಳಿಗೆ 'ಬಿಡಿಸಿದರೆ ಬಹುಮಾನ' ಅಂತ ಮೊದಲೇ ಹೇಳಿ ಕೊಟ್ಟರು. ಕೆಲವರಿಗೆ ಹೇಳದೆ, ಬಿಡಿಸಿದ ಮೇಲೆ ಕೊಟ್ಟರು. ಉಳಿದವರಿಗೆ ಬಹುಮಾನವೇ ಇಲ್ಲ. ಒಂದೆರಡು ವಾರ ಕಳೆದು ಅದೇ ಪೆನ್ನುಗಳನ್ನು ಮಕ್ಕಳ ಮುಂದಿಟ್ಟು ನೋಡಿದರು. ಬಹುಮಾನಕ್ಕೆಂದು ಬಿಡಿಸಿದ್ದ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರು ಕೊಟ್ಟದ್ದರ ಸುಮಾರು ಅರ್ಧದಷ್ಟು. ಹೇಳದೆ ಕೊಟ್ಟ ಬಹುಮಾನ ಮಾತ್ರ ಯಾರ ಆಸೆಯನ್ನೂ ಕುಗ್ಗಿಸಿರಲಿಲ್ಲ.

ನಾನು ಹೆಚ್ಚು ನೆನೆಯುವುದು ಈ ಕೊನೆಯ ಸಂಗತಿಯನ್ನೇ. ಓದುಗರೇ, ನಿಮ್ಮ ಕಾಗದಗಳು ನನಗೆ ಬಂದದ್ದು ಹಾಗೆ. ಬರೆಯುವುದನ್ನು ನಿಲ್ಲಿಸಿದ್ದೆ, ಏನನ್ನೂ ಎದುರು ನೋಡುತ್ತಿರಲಿಲ್ಲ. ಆಗ ಒಬ್ಬರು ನನ್ನ ಹಳೆಯ ಅಂಕಣ ಕತ್ತರಿಸಿ ಡೈರಿಗೆ ಅಂಟಿಸಿದ್ದ ಫೋಟೋ ಕಳಿಸಿದರು. ಇನ್ನೊಬ್ಬರು ತಮ್ಮ ಅಮ್ಮನಿಗೆ ಆಸ್ಪತ್ರೆಯಲ್ಲಿ ಅದನ್ನು ಓದಿ ಹೇಳುತ್ತಿದ್ದೆ ಅಂತ ಬರೆದರು. "ಉತ್ತರ ಬರೆಯಬೇಕಾಗಿಲ್ಲ" ಅಂತ ಕೆಳಗೆ ಸೇರಿಸಿದ್ದರು. ಆ ಒಂದು ಸಾಲಿಗೆ ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ನಿಮ್ಮಲ್ಲಿ ಹಲವರು ಅಂಕಣ ಮತ್ತೆ ಯಾವಾಗ ಅಂತ ಕೇಳಿದ್ದೀರಿ. ಅಂಕಣ ಬರುವುದಿಲ್ಲ. ಕಚೇರಿಯ ಬರವಣಿಗೆ ಕಚೇರಿಯ ಹೊತ್ತಿಗೆ ಮುಗಿಯುತ್ತದೆ. ಮನೆಯಲ್ಲಿ ಬರೆಯುವುದು ನನ್ನ ಖುಷಿಗೆ. ಮನಸ್ಸು ಬಂದಾಗ ನೋಟ್‌ಬುಕ್ ತೆರೆಯುತ್ತೇನೆ, ಸಾಕು ಅನ್ನಿಸಿದಾಗ ವಾಕ್ಯದ ಮಧ್ಯದಲ್ಲಾದರೂ ಮುಚ್ಚುತ್ತೇನೆ. ವಾರವಿಡೀ ತೆರೆಯದೆ ಇರುವುದೂ ಉಂಟು, ಅದಕ್ಕೀಗ ಹೆದರಿಕೆಯಿಲ್ಲ. ಹೀಗಿರುವುದು ನನಗೆ ಬಹಳ ಇಷ್ಟವಾಗಿದೆ, ಸದ್ಯಕ್ಕೆ ಬದಲಾಯಿಸುವ ಯೋಚನೆಯಿಲ್ಲ.

ಉತ್ತರ ಬೇಡ ಎಂದವರಿಗೂ ಉತ್ತರ ಬರೆಯಬೇಕೆಂದಿದ್ದೇನೆ. ಒಂದೊಂದಾಗಿ, ಕೈಬರಹದಲ್ಲೇ. ವಿಳಾಸ ಕಳಿಸದವರು ಕಳಿಸಿ. ತಡವಾದರೆ ಬೇಜಾರು ಮಾಡಿಕೊಳ್ಳಬೇಡಿ.